ಹಲ್ಲು ಕೀಳಿಸುವ ಮುನ್ನ

ಬಾಯಿಯ ಕೊಳೆಯಿಂದ ಹೃದಯದ ಕವಾಟಕ್ಕೆ ಸೋಂಕು ತಗಲಬಹುದೆಂದು ಲಂಡನ್ನಿನ ಥಾಮಸ್ ಹಾರ್ಡರ್ 1909ರಲ್ಲಿ 150 ರೋಗಿಗಳ ವಿವರ ಇಟ್ಟು ಬರೆದರು. 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಹಲ್ಲು ಕಿತ್ತ ಕೂಡಲೇ 138 ಜನರ ರಕ್ತ ತೆಗೆದು ನೋಡಿದರೆ, ನೂರಕ್ಕೆ 61 ಮಂದಿಯಲ್ಲಿ ಕೀಟಾಣು! 1955ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಇಂಥ ರೋಗಿಗಳಿಗೆ ಮೊದಲೇ ಪೆನ್ಸಿಲಿನ್ ಕೊಡಿ ಎಂದಿತು. 2007ರಲ್ಲಿ ಅದೇ ಸಂಸ್ಥೆ ಹಿಂದೆ ಸರಿಯಿತು. ಕೃತಕ ಕವಾಟದವರು, ಹಿಂದೆ ಈ ಸೋಂಕು ಬಂದವರು, ಇಂಥ ಕೆಲವರಿಗಷ್ಟೇ ಔಷಧಿ. ಉಣ್ಣುವಾಗ, ಹಲ್ಲುಜ್ಜುವಾಗಲೂ ಕೀಟಾಣು ರಕ್ತಕ್ಕಿಳಿಯುವುದರಿಂದ ದಿನನಿತ್ಯದ ಬಾಯಿ ಶುಚಿಯೇ ಮುಖ್ಯ ಎಂದಿತು.

ಅಲ್ಲಿಗೆ ಕೆಲಸ ಊರ ಡಾಕ್ಟರ ಕೈಗೆ ಬಂತು. ಹುನಗುಂದ ಸೀಮೆಯ ಮರೋಳದಂಥ ಊರನ್ನೇ ತಗೊಳ್ಳಿ. ಎಳವೆಯಲ್ಲಿ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಟ್ಟವರು ಆಪರೇಷನ್ನಿಗೆ ಬೆಂಗಳೂರಿನ ಜಯದೇವಕ್ಕೆ ಹೋದಾರು. ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿಗೆ ಬರುವುದು ಹತ್ತಿರದ ಡಾಕ್ಟರ ಬಳಿಗೇ. ಆ ಸೂಜಿಯನ್ನೇ ನಂಬಿ ಹಲ್ಲು ಕೀಳಿಸುವಂತಿಲ್ಲ. ಅದು ಗಂಟಲಿನ ಕೀಟಾಣುವಿಗೆ. ಹಲ್ಲಿಗೆ ಬೇರೆ ಔಷಧಿ ಬೇಕು. ಸೂಜಿಗೆ ಮೊದಲು ಅರೆ ನಿಮಿಷ ‘ಬಾಯಿ ತೆಗೀರಿ’ ಅಂದರೆ ವಸಡಿನ ರಕ್ತ, ಹುಳುಕು ಕಂಡೇ ಕಾಣುತ್ತವೆ. ಬಾಗಲಕೋಟೆಯಲ್ಲಿ ದಂತ ಕಾಲೇಜು ಇದೆ. ಚೀಟಿಯ ಮೇಲೆ ‘ಕವಾಟದ ರೋಗಿ’ ಎಂದು ದೊಡ್ಡದಾಗಿ ಬರೆದು ಕಳಿಸಬೇಕು.