ಡಿಕ್ಸೋನಿಯ ಜರೀಮರ: ಚಳಿಗಾಲದ ರಕ್ಷಣೆ

ಆಗ್ನೇಯ ಆಸ್ಟ್ರೇಲಿಯ ಮತ್ತು ಟಾಸ್ಮೇನಿಯದ ತೇವದ ಕಾಡುಗಳಲ್ಲಿ ಬೆಳೆಯುವ ಜರೀಮರ ಡಿಕ್ಸೋನಿಯ ಅಂಟಾರ್ಕ್ಟಿಕ. ಬ್ರಿಟನ್ನಿನ ಉದ್ಯಾನಗಳಲ್ಲಿ 19ನೆಯ ಶತಮಾನದಿಂದ ಅಲಂಕಾರಕ್ಕಾಗಿ ಬೆಳೆಸುತ್ತ ಬಂದಿದ್ದಾರೆ. ಕಾರ್ನ್‌ವಾಲ್‌ನ ಬೆಚ್ಚನೆಯ ಕರಾವಳಿಯಲ್ಲಿ ಇದಕ್ಕೆ ಹೊದಿಕೆ ಬೇಕಾಗುವುದು ಅಪರೂಪ. ಒಳನಾಡಿನ ಕೊರೆಯುವ ಚಳಿಯಲ್ಲಿ, ಅದರಲ್ಲೂ ಎಳೆಯ ಗಿಡಕ್ಕೆ, ಹೊದಿಕೆ ಇರಲೇಬೇಕು.

ಕಾಂಡವೆಂದು ತೋರುವುದರ ಬಹುಭಾಗ ಕಂದು ಬೇರುಗಳ ದಟ್ಟ ಹೆಣಿಗೆ. ಹೊಸ ಎಲೆಗಳು ಸುರುಳಿ ಬಿಚ್ಚುವುದು ನೆತ್ತಿಯ ಸುಳಿಯಿಂದ ಮಾತ್ರ. ಎಲೆಗಳೆಲ್ಲ ಹೆಪ್ಪುಗಟ್ಟಿ ಕಂದಿದರೂ ಸುಳಿ ಉಳಿದರೆ ವಸಂತದಲ್ಲಿ ಮರ ಚಿಗುರುತ್ತದೆ. ಸುಳಿ ಸತ್ತರೆ ತೆಂಗಿನ ಮರದಂತೆ ಇದರ ಕತೆಯೂ ಸಾಮಾನ್ಯವಾಗಿ ಮುಗಿದಂತೆ.

ಹಾಗಾಗಿ ಚಳಿ ಬಲಿಯುವ ಮೊದಲೇ ನೆತ್ತಿಯ ಗುಳಿಗೆ ಒಣಹುಲ್ಲನ್ನು ಸಡಿಲವಾಗಿ ತುಂಬಿ, ಹಳೆಯ ಎಲೆಗಳನ್ನು ಕತ್ತರಿಸದೆ ಅದರ ಮೇಲೆ ಬಾಗಿಸಿ ಕಟ್ಟುತ್ತಾರೆ. ಕಾಂಡಕ್ಕೆ ಗಾಳಿಯಾಡುವ ಬಟ್ಟೆಯನ್ನೋ ಹುಲ್ಲನ್ನೋ ಸುತ್ತುತ್ತಾರೆ. ಅಗ್ಗವೆಂದು ಪ್ಲಾಸ್ಟಿಕ್ ಹಾಳೆ ಬಿಗಿಯುವುದು ಜಾಣತನವಲ್ಲ: ಒಳಗೆ ತೇವ ನಿಂತು ಸುಳಿ ಕೊಳೆಯಬಹುದು. ಕುಂಡದ ಗಿಡಗಳನ್ನು ಗಾಜಿನ ಮನೆಗೆ ಸಾಗಿಸುವುದೇ ಸುಲಭ. ಹಿಮ ಬೀಳುವ ಭಯ ಕಳೆದೊಡನೆ ಹುಲ್ಲನ್ನು ತೆಗೆಯಬೇಕು. ತಡವಾದರೆ ಬಿಚ್ಚಿಕೊಳ್ಳುವ ಎಳೆಯ ಎಲೆಗಳು ಅದರಲ್ಲಿ ಸಿಕ್ಕಿ ಸೊಟ್ಟಗಾಗುತ್ತವೆ.