ಮುಡಿ, ಸೇರು, ಕಿಲೋಗ್ರಾಂ: ಉಡುಪಿ ಸೀಮೆಯ ಅಕ್ಕಿಯ ಅಳತೆ

ಉಡುಪಿ, ಕಾಪು, ಕಾರ್ಕಳ ಸೀಮೆಯ ಹಳೆಯ ಗೇಣಿಚೀಟಿಗಳನ್ನೂ ದೇವಾಲಯಗಳ ಲೆಕ್ಕಪತ್ರಗಳನ್ನೂ ಓದುವವರಿಗೆ ಮೊದಲು ಎದುರಾಗುವ ತೊಡಕು ‘ಮುಡಿ’ ಎಂಬ ಶಬ್ದದ್ದು. ಬೈಹುಲ್ಲಿನಲ್ಲಿ ದುಂಡಗೆ ಬಿಗಿದು ಕಟ್ಟಿದ ಅಕ್ಕಿಯ ಮೂಟೆಗೂ ಅದರಲ್ಲಿ ಹಿಡಿಸುವ ಪ್ರಮಾಣಕ್ಕೂ ಇದೊಂದೇ ಹೆಸರು. ಸಾಮಾನ್ಯ ಗಣನೆಯಂತೆ 14 ಸೇರಿಗೆ ಒಂದು ಕಳಸೆ. 3 ಕಳಸೆಗೆ, ಎಂದರೆ 42 ಸೇರಿಗೆ, ಒಂದು ಮುಡಿ. ಇದನ್ನು ಕಿಲೋಗ್ರಾಮಿಗೆ ಪರಿವರ್ತಿಸುವುದು ಬರಿಯ ಗುಣಾಕಾರವೆಂದು ತೋರಬಹುದು. ಹಾಗಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯ.

ಸೇರು ಎಂಬ ಒಂದು ಹೆಸರಿನಲ್ಲಿ ಎರಡು ಮಾನಗಳು ಅಡಗಿವೆ: ತಕ್ಕಡಿಯ ಸೇರು, ಅಳೆಯುವ ಪಾತ್ರೆಯ ಸೇರು. ಬ್ರಿಟಿಷರ ಆಡಳಿತದಲ್ಲಿ ಪ್ರಚಲಿತವಾದ ತೂಕದ ಸೇರು 80 ತೊಲೆ, ತೊಲೆಗೆ 11.66 ಗ್ರಾಮಿನಂತೆ ಸುಮಾರು 933 ಗ್ರಾಂ. ಪಾತ್ರೆಯ ಸೇರನ್ನು ನಿಶ್ಚಯಿಸುವಾಗಲೂ ತೂಕದ ಆಸರೆ ಬೇಕಾಗುತ್ತಿತ್ತು. ದಕ್ಷಿಣದ ಹಲವೆಡೆ ಒಂಬತ್ತು ಬಗೆಯ ಧಾನ್ಯಗಳನ್ನು ಬೆರೆಸಿ, ಗೊತ್ತಾದಷ್ಟು ರೂಪಾಯಿ ನಾಣ್ಯಗಳ ತೂಕಕ್ಕೆ ಸರಿಯಾಗುವ ಮಿಶ್ರಣವನ್ನು ಹಿಡಿಸುವ ಪಾತ್ರೆಯನ್ನು ಸೇರೆಂದು ಸ್ಥಿರಪಡಿಸುತ್ತಿದ್ದರು. ಕ್ರಮವು ಜಾಣತನದ್ದೇ ಸರಿ. ಹಗುರ ಧಾನ್ಯ, ಭಾರದ ಧಾನ್ಯಗಳ ಅಂತರ ಮಿಶ್ರಣದಲ್ಲಿ ಸಮವಾಗುತ್ತದೆ. ಆದರೆ ಅದೇ ಪಾತ್ರೆಯಲ್ಲಿ ಬರಿಯ ಅಕ್ಕಿಯನ್ನು ಅಳೆದರೆ ತೂಕ ಬೇರೆ, ಅವಲಕ್ಕಿಯನ್ನು ಅಳೆದರೆ ತೀರ ಬೇರೆ. 42 ಸೇರನ್ನೂ ತೂಕದ ಸೇರೆಂದೇ ಹಿಡಿದರೆ ಮುಡಿಗೆ 39 ಕಿಲೋಗ್ರಾಮಿನಷ್ಟು ಬರುತ್ತದೆ. ಅದನ್ನು ಅಂದಾಜೆಂದು ಸ್ವೀಕರಿಸಬಹುದಲ್ಲದೆ ಪ್ರಮಾಣವೆಂದಲ್ಲ.

ಇದಕ್ಕಿಂತ ದೊಡ್ಡ ತೊಡಕು ಊರೂರಿನ ಪಾತ್ರೆಯದು. ಬಾರಕೂರು ಸೀಮೆಯ ವಿಜಯನಗರ ಕಾಲದ ಶಾಸನಗಳು ಇಂತಿಷ್ಟು ಹಾನೆಯ ಲೆಕ್ಕದ ಮುಡಿ ಎಂದು ಬಿಡಿಸಿ ಹೇಳುವುದುಂಟು. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನೂ ಸ್ಥಳದಿಂದ ಸ್ಥಳಕ್ಕೆ ಅಳತೆ ಬದಲಾಗುವುದನ್ನು ಗುರುತಿಸಿದ್ದಾನೆ. ಶಾಸನ ಬರೆಸಿದವರ ಎಚ್ಚರ ಅಕಾರಣವಾದುದಲ್ಲ. ಪಾತ್ರೆ ಒಂದೇ ಆದರೂ ಅದರ ಬಾಯಿಯನ್ನು ಸವರಿ ಅಳೆದರೆ ಒಂದು ಲೆಕ್ಕ, ಗೋಪುರದಂತೆ ರಾಶಿ ನಿಲ್ಲಿಸಿ ಅಳೆದರೆ ಮತ್ತೊಂದು. ಅಳೆಯುವ ಕೈ ಧಣಿಯ ಮನೆಯದಾಗಿ, ಸೇರೊಂದಕ್ಕೆ ಒಂದು ಹಿಡಿ ಹೆಚ್ಚು ಹೋಯಿತೆನ್ನೋಣ: ಮುಡಿಗೆ 42 ಹಿಡಿಯಾಯಿತು, 10 ಮುಡಿ ಗೇಣಿ ಕೊಡುವ ಒಕ್ಕಲಿಗೆ 420 ಹಿಡಿ. ಒಂದು ಸಂಸಾರದ ಎಷ್ಟೋ ದಿನಗಳ ಗಂಜಿ ಅದು. ಚೀಟಿಯಲ್ಲಿ ಮಾತ್ರ 10 ಮುಡಿಯೆಂದೇ ಇರುತ್ತದೆ. ಆದುದರಿಂದ ಚೀಟಿಯ ಅಂಕಿಗಳನ್ನಷ್ಟೇ ನಂಬಿ ಗೇಣಿಯ ಭಾರವನ್ನು ಗಣಿಸುವವರು ಒಕ್ಕಲಿನ ನಷ್ಟವನ್ನು ಕಡಿಮೆಯಾಗಿ ಕಾಣುವ ಸಂಭವವಿದೆಯೆಂದು ನನ್ನ ಅಭಿಪ್ರಾಯ.

1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1962ರ ಏಪ್ರಿಲ್ 1ರಿಂದ ಮೆಟ್ರಿಕ್ ತೂಕಗಳು ಕಡ್ಡಾಯವಾದುವು. ಅಂಗಡಿಯ ಅಕ್ಕಿ ತಕ್ಕಡಿಗೇರಿತು. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿಯ ಮುಡಿಗೂ ಅವಕಾಶವುಳಿಯಲಿಲ್ಲ. ಅಡಿಗೆಮನೆಯು ಮಾತ್ರ ಪಾವನ್ನು ಬೇಗನೆ ಬಿಡಲಿಲ್ಲ. ಅದಕ್ಕೆ ಕಾರಣವೂ ಇದೆ. ಇಡ್ಲಿಗೆ ಅಕ್ಕಿಯನ್ನೂ ಉದ್ದನ್ನೂ ಒಂದೇ ಪಾವಿನಿಂದ ಅಳೆಯುವಾಗ ಬೇಕಾದುದು ಅವುಗಳ ಅನುಪಾತ. ಪಾವು ತುಸು ಚಿಕ್ಕದಾದರೂ ಹಿಟ್ಟು ಕೆಡದು. ಅದನ್ನೇ ತೂಕಕ್ಕೆ ತಿರುಗಿಸುವುದಾದರೆ ಎರಡನ್ನೂ ಬೇರೆಬೇರೆ ತೂಗಿ ನೋಡಬೇಕು. ಉಡುಪಿಯ ಪರ್ಯಾಯಕ್ಕೆ ಮುಂಚೆ ನಡೆಯುವ ಅಕ್ಕಿ ಮುಹೂರ್ತದಲ್ಲಿ ಇಂದಿಗೂ ಪೂಜೆಗೊಳ್ಳುವುದು ಬೈಹುಲ್ಲಿನ ಮುಡಿಯೇ.