ಹೆಲ್ಪ್ ಡೆಸ್ಕ್ ಉದ್ಯೋಗ: ಬಂದ ದಾರಿ, ಮುಂದಿರುವ ದಾರಿ

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ನಮ್ಮ ಬಿಳಿಕೆರೆ, ಹುಣಸೂರು ಕಡೆಯ ಪೋಷಕರು ಕೇಳುವ ಪ್ರಶ್ನೆ ಒಂದೇ: "ಕಂಪ್ಯೂಟರ್ ಕೋರ್ಸ್‌ಗೆ ಸೇರಿಸಿದರೆ ಕೆಲಸ ಗ್ಯಾರಂಟಿಯಾ?" ಸಾಲ ಮಾಡಿ ಶುಲ್ಕ ಕಟ್ಟುವವರಿಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ಸಾಲದು. ಈ ಉದ್ಯೋಗ ನಮ್ಮ ರಾಜ್ಯಕ್ಕೆ ಹೇಗೆ ಬಂತು, ಎಲ್ಲೆಲ್ಲಿ ಎಡವಿತು ಎಂಬುದನ್ನು ಮೊದಲು ತಿಳಿಯಬೇಕು.

ಹೆಲ್ಪ್ ಡೆಸ್ಕ್ ಎಂದರೆ ಕಂಪ್ಯೂಟರ್ ಕೆಟ್ಟಾಗ ಬಳಕೆದಾರರು ಫೋನ್ ಮಾಡುವ ಜಾಗ. ಬಂದ ಪ್ರತಿ ದೂರಿಗೂ ಒಂದು ನಂಬರ್ ಬೀಳುತ್ತದೆ. ಅದನ್ನು ಟಿಕೆಟ್ ಎನ್ನುತ್ತಾರೆ. ಪಾಸ್‌ವರ್ಡ್ ಮರೆತುಹೋಗಿದೆ, ಪ್ರಿಂಟರ್ ಓಡುತ್ತಿಲ್ಲ ಎಂಬಂಥ ದೂರುಗಳನ್ನು ಮೊದಲ ಹಂತದವರು ಪರದೆಯ ಮೇಲಿನ ಪ್ರಶ್ನೆಗಳನ್ನು ಓದುತ್ತಾ ಬಗೆಹರಿಸುತ್ತಾರೆ. ಅವರಿಂದ ಆಗದ್ದು ಎರಡನೆಯ ಹಂತಕ್ಕೆ, ಅಲ್ಲಿಯೂ ಆಗದ್ದು ಸರ್ವರ್, ನೆಟ್‌ವರ್ಕ್ ಬಲ್ಲ ಮೂರನೆಯ ಹಂತಕ್ಕೆ ಹೋಗುತ್ತದೆ. ಈ ಮೂರು ಹಂತಗಳನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಆಗ ಬಂದದ್ದು ಎಂಜಿನಿಯರುಗಳ ಕೆಲಸ. ಫೋನ್ ಕೆಲಸ ಬರಬೇಕಾದರೆ ಫೋನ್ ಅಗ್ಗವಾಗಬೇಕಿತ್ತು. ಸಮುದ್ರದಡಿಯ ಕೇಬಲ್‌ಗಳು ಬಂದವು; ಅಂತರರಾಷ್ಟ್ರೀಯ ಕರೆಗಳ ಮೇಲೆ ವಿ.ಎಸ್.ಎನ್.ಎಲ್. ಸಂಸ್ಥೆಗಿದ್ದ ಏಕಸ್ವಾಮ್ಯ 2002ರಲ್ಲಿ ಕೊನೆಗೊಂಡಿತು. ಬೆಂಗಳೂರಿನಲ್ಲಿ 2000ರಲ್ಲಿ 24/7 ಕಸ್ಟಮರ್ ಕಂಪನಿ ಹುಟ್ಟಿತು, 2001ರಲ್ಲಿ ಡೆಲ್ ಕಂಪನಿಯ ಗ್ರಾಹಕ ಸೇವಾ ಕೇಂದ್ರ ಆರಂಭವಾಯಿತು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದರೆ ನಮ್ಮಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಹಾಗಾಗಿ ಕೆಲಸವೆಲ್ಲ ರಾತ್ರಿ ಪಾಳಿ. ನಮ್ಮ ಮೈಸೂರು ರಸ್ತೆಯ ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ ಗಾಡಿಗಳು ಮಧ್ಯರಾತ್ರಿ ಮನೆಮನೆ ಮುಂದೆ ನಿಂತು ಹಾರನ್ ಹಾಕುತ್ತಿದ್ದ ಕಾಲ ಅದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಮಹಿಳೆಯರ ರಾತ್ರಿ ದುಡಿಮೆಯನ್ನು ತಡೆದಿದ್ದರಿಂದ, ಈ ಕಂಪನಿಗಳಿಗಾಗಿ ಸರ್ಕಾರ ವಿನಾಯಿತಿ ಕೊಡಬೇಕಾಯಿತು.

ಅನೇಕ ಕಡೆ ಹೆಸರನ್ನೂ ಬದಲಿಸುತ್ತಿದ್ದರು. ಇಮ್ರಾನನೂ ರಮೇಶನೂ ಫೋನಿನಲ್ಲಿ ಒಬ್ಬ ಮೈಕ್, ಒಬ್ಬ ಸ್ಯಾಮ್. ಸಂಬಳ ಚೆನ್ನಾಗಿತ್ತು, ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ನನಗಂತೂ ಅದು ಸರಿ ಕಾಣುವುದಿಲ್ಲ.

ತಂತಿಯ ಮೇಲೆ ಬಂದ ಕೆಲಸ ತಂತಿಯ ಮೇಲೆಯೇ ವಾಪಸು ಹೋಗಬಹುದು. 2003ರ ನವೆಂಬರಿನಲ್ಲಿ ಗ್ರಾಹಕರ ದೂರುಗಳ ನಂತರ ಡೆಲ್ ತನ್ನ ಕೆಲವು ಕಾರ್ಪೊರೇಟ್ ಗ್ರಾಹಕರ ಕರೆಗಳನ್ನು ಬೆಂಗಳೂರಿನಿಂದ ಅಮೆರಿಕಕ್ಕೆ ಹಿಂತಿರುಗಿಸಿತು. ಆದರೂ ಊರು ಬಿಡಲಿಲ್ಲ. 2006ರಲ್ಲಿ ಆ್ಯಪಲ್ ಕಂಪನಿ ಸಾವಿರಾರು ಜನರ ಸಹಾಯ ಕೇಂದ್ರ ಕಟ್ಟುವ ಯೋಜನೆ ಇಟ್ಟುಕೊಂಡು ಬೆಂಗಳೂರಿಗೆ ಬಂದು, ಸುಮಾರು 30 ಮಂದಿಯನ್ನು ನೇಮಿಸಿದ ಹಂತದಲ್ಲೇ ಅದನ್ನು ಕೈಬಿಟ್ಟಿತು. ಅಷ್ಟೇ ಸುಲಭ.

ಈಗಿನ ಪೆಟ್ಟು ಬೇರೆ ರೀತಿಯದು. ಕೆಲಸ ಇನ್ನೊಂದು ದೇಶಕ್ಕೆ ಹೋಗುತ್ತಿಲ್ಲ, ಯಂತ್ರಕ್ಕೆ ಹೋಗುತ್ತಿದೆ. 2023ರ ಜುಲೈನಲ್ಲಿ ಬೆಂಗಳೂರಿನ ದುಕಾನ್ ಕಂಪನಿಯ ಮುಖ್ಯಸ್ಥರು ತಮ್ಮ ಗ್ರಾಹಕ ಸಹಾಯ ಸಿಬ್ಬಂದಿಯ ಶೇ. 90ರಷ್ಟು ಜನರ ಜಾಗಕ್ಕೆ ಚಾಟ್‌ಬಾಟ್ ತಂದಿರುವುದಾಗಿ ಬಹಿರಂಗವಾಗಿ ಹೇಳಿಕೊಂಡರು. ಒಂದು ದೂರು ಬಗೆಹರಿಯಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆಗೆ ಇಳಿಯಿತೆಂಬುದು ಅವರ ಲೆಕ್ಕ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ಯಂತ್ರ 700 ಜನರ ಕೆಲಸ ಮಾಡುತ್ತಿದೆ ಎಂದಿತು. ಆದರೆ 2025ರಲ್ಲಿ ಅದೇ ಕಂಪನಿ, ಗ್ರಾಹಕರು ಬಯಸಿದಾಗ ಮನುಷ್ಯರೇ ಮಾತನಾಡಬೇಕೆಂದು ಮತ್ತೆ ನೇಮಕಕ್ಕಿಳಿಯಿತು. ಎರಡನ್ನೂ ಸೇರಿಸಿ ನೋಡಿದರೆ, ಪರದೆ ಓದಿ ಹೇಳುವ ಮೊದಲ ಹಂತದ ಕೆಲಸ ಕರಗುತ್ತಿದೆ, ಉತ್ತರ ಸುಲಭವಿಲ್ಲದ ದೂರುಗಳು ಮನುಷ್ಯನಿಗೇ ಉಳಿಯುತ್ತಿವೆ ಎಂಬುದು ತಿಳಿಯುತ್ತದೆ. ಮೂರು ತಿಂಗಳ ಕೋರ್ಸಿಗೆ ಹೆಚ್ಚು ಹಣ ಸುರಿಯಬಾರದು ಎಂದು ನಾನು ಹೇಳುವುದು ಇದಕ್ಕೇ. ಅದು ಕಲಿಸುವುದು ಆ ಮೊದಲ ಹಂತವನ್ನು ಮಾತ್ರ.

ಹಳ್ಳಿಯವರಿಗೆ ಬಾಗಿಲು ಮುಚ್ಚಿಲ್ಲ. ರೂರಲ್ ಶೋರ್ಸ್ ಸಂಸ್ಥೆ ತನ್ನ ಮೊದಲ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲಲ್ಲ, ಬಾಗೇಪಲ್ಲಿಯಲ್ಲಿ. 2020ರ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿದ ಮೇಲೆ ಇಂಥ ಕೆಲಸವನ್ನು ಮನೆಯಿಂದ ಮಾಡಿಸಲು ಕಂಪನಿಗಳಿಗಿದ್ದ ಅಡೆತಡೆಗಳೂ ಕಳಚಿದವು. ರಾತ್ರಿ ದೂರ ಹೋಗಲಾಗದ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಇನ್ನು ದೇಶದೊಳಗಿನ ಗ್ರಾಹಕರಿಗೆ ಬೇಕಾದದ್ದು ಅಮೆರಿಕದ ಉಚ್ಚಾರಣೆಯಲ್ಲ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಕನ್ನಡದವರ ಜೊತೆಗೂ ಹಿಂದಿಯವರ ಜೊತೆಗೂ ಮಾತನಾಡುವ ಅನುಕೂಲ ಹುಟ್ಟಿನಿಂದಲೇ ಇದೆ. ಅದನ್ನು ಅವರು ಅರ್ಹತೆ ಎಂದು ಬರೆದುಕೊಳ್ಳುವುದೇ ಇಲ್ಲ.

ಕೈಯಿಂದ ಮಾಡಬೇಕಾದ ಕೆಲಸವೂ ಉಳಿದಿದೆ. ಬ್ಯಾಂಕಿನ ಕೇಬಲ್ ಕಿತ್ತರೆ, ಆಸ್ಪತ್ರೆಯ ಯು.ಪಿ.ಎಸ್. ಸುಟ್ಟರೆ ಚಾಟ್‌ಬಾಟ್ ಬಸ್ಸು ಹತ್ತಿ ಬರುವುದಿಲ್ಲ. ಐ.ಟಿ.ಐ.ಗಳಲ್ಲಿ ಎಸ್.ಎಸ್.ಎಲ್.ಸಿ. ಆದವರಿಗೆ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ತರಬೇತಿಯಿದೆ. ಕೋಪಾ ಎಂಬ ಕಂಪ್ಯೂಟರ್ ಆಪರೇಟರ್ ತರಬೇತಿಯೂ ಒಂದೇ ವರ್ಷದ್ದು. ಖಾಸಗಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಪೋಷಕರು ಸರ್ಕಾರಿ ಐ.ಟಿ.ಐ.ಯಲ್ಲಿ ಈ ಎರಡರ ಸೀಟು, ಶುಲ್ಕ ವಿಚಾರಿಸಲಿ. ಖಾಸಗಿಯವರನ್ನು ಕೇಳುವುದಾದರೆ, ಸರ್ವರ್ ಮತ್ತು ನೆಟ್‌ವರ್ಕ್ ಕೆಲಸವನ್ನು ಮಕ್ಕಳ ಕೈಯಲ್ಲೇ ಎಷ್ಟು ಗಂಟೆ ಮಾಡಿಸುತ್ತೀರಿ ಎಂದು ಕೇಳಲಿ.